ಗರ್ಭಸ್ಥ ಶಿಶುವಿನ ಲಿಂಗವರ್ಣತಂತು ಪರೀಕ್ಷೆ: ಅದು ನಡೆದುಬಂದ ದಾರಿ

ಬೀದರ, ಭಾಲ್ಕಿ, ಔರಾದ ಭಾಗದ ನಮ್ಮ ಶ್ರಾವಕ ಕುಟುಂಬಗಳಲ್ಲಿ ಸೊಸೆ ಗರ್ಭಿಣಿಯಾದಳೆಂದರೆ ಜಿನಮಂದಿರದಲ್ಲಿ ಅಭಿಷೇಕ, ಬಳಿಕ ಡಾಕ್ಟರರಲ್ಲಿ ಸೋನೋಗ್ರಫಿ ಎಂಬ ಕ್ರಮವು ಬಹುಕಾಲದಿಂದ ರೂಢಿಯಾಗಿದೆ. ಇತ್ತೀಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ತಾಯಿಯ ತೋಳಿನಿಂದ ತುಸು ರಕ್ತವನ್ನು ತೆಗೆದು, ಹೈದರಾಬಾದು ಬೆಂಗಳೂರುಗಳಂತಹ ನಗರದ ಪ್ರಯೋಗಶಾಲೆಗೆ ಕಳುಹಿಸಿ, ಗರ್ಭದಲ್ಲಿರುವ ಶಿಶುವಿನ ವರ್ಣತಂತುಗಳ ಸಂಖ್ಯೆ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಯದು. ವರದಿಯಲ್ಲಿ ‘ಲಿಂಗವರ್ಣತಂತುಗಳಲ್ಲಿ ವ್ಯತ್ಯಾಸದ ಸಂಭವವಿದೆ’ ಎಂಬ ಒಂದು ಸಾಲು ಬಂದರೆ ಇಡೀ ಮನೆಯೇ ತಲ್ಲಣಿಸುತ್ತದೆ. ಹಿರಿಯರು ಮಂದಿರದ ವಿಶ್ವಸ್ಥರ ಬಳಿಗೂ, ವಿಹಾರದಲ್ಲಿರುವ ತ್ಯಾಗಿಗಳ ಬಳಿಗೂ ಹೋಗಿ ಧರ್ಮವು ಏನು ಹೇಳುತ್ತದೆಂದು ಕೇಳುತ್ತಾರೆ. ಧರ್ಮವನ್ನು ಕೇಳುವ ಮುನ್ನ ಆ ಸಾಲಿನ ಅರ್ಥವೇನು, ಆ ಪರೀಕ್ಷೆ ಎಲ್ಲಿಂದ ಬಂದಿತು ಎಂಬುದನ್ನು ಅರಿತಿರುವುದು ಒಳ್ಳೆಯದು. ಈ ಲೇಖಕನು ವೈದ್ಯನಲ್ಲ. ಕಿರ್ದಿ ಖತಾವಣಿಗಳನ್ನು ಓದಬಲ್ಲ ವ್ಯಾಪಾರಿ. ಆದುದರಿಂದ ಇಲ್ಲಿ ವೈದ್ಯಸಲಹೆಯನ್ನು ನಿರೀಕ್ಷಿಸದೆ ಚರಿತ್ರೆಯನ್ನಷ್ಟೇ ನಿರೀಕ್ಷಿಸಬೇಕೆಂದು ವಾಚಕರಲ್ಲಿ ವಿನಂತಿ.

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. 23 ತಾಯಿಯಿಂದ ಬಂದವು, 23 ತಂದೆಯಿಂದ ಬಂದವು. ಇವುಗಳಲ್ಲಿ 22 ಜೊತೆಗಳು ಸ್ತ್ರೀಪುರುಷರಿಬ್ಬರಲ್ಲಿಯೂ ಒಂದೇ ಬಗೆಯವು. ಉಳಿದ ಒಂದು ಜೊತೆಯು ಸ್ತ್ರೀಯಲ್ಲಿ ಎರಡು ಎಕ್ಸ್, ಪುರುಷನಲ್ಲಿ ಒಂದು ಎಕ್ಸ್ ಮತ್ತು ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ತಂತುವನ್ನೇ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣನ್ನೇ ಹೆರುತ್ತಾಳೆಂದು ಸೊಸೆಯನ್ನು ಹಳಿಯುವ ಮಾತು ಇನ್ನೂ ನಮ್ಮ ಕಿವಿಗೆ ಬೀಳುತ್ತಿರುವುದರಿಂದ ಈ ಸಂಗತಿಯನ್ನು ಒತ್ತಿ ಹೇಳುತ್ತಿದ್ದೇನೆ.

ಬೀಜಕೋಶಗಳು ವಿಭಾಗವಾಗುವಾಗ ಈ ಹಂಚಿಕೆಯಲ್ಲಿ ಒಮ್ಮೊಮ್ಮೆ ಏರುಪೇರಾಗುತ್ತದೆ. ಒಂದೇ ಎಕ್ಸ್ ಇದ್ದು ಇನ್ನೊಂದು ಇಲ್ಲದಿದ್ದರೆ ಅದು ಟರ್ನರ್ ಲಕ್ಷಣ. ಹುಟ್ಟುವ ಹೆಣ್ಣುಮಕ್ಕಳಲ್ಲಿ ಸುಮಾರು 2000ದಿಂದ 2500ಕ್ಕೆ ಒಬ್ಬರಲ್ಲಿ ಕಾಣುತ್ತದೆ. ಎರಡು ಎಕ್ಸ್ ಒಂದು ವೈ ಇದ್ದರೆ ಕ್ಲೈನ್‌ಫೆಲ್ಟರ್ ಲಕ್ಷಣ. ಗಂಡುಮಕ್ಕಳಲ್ಲಿ ಸುಮಾರು 600ಕ್ಕೆ ಒಬ್ಬರಲ್ಲಿ. ಮೂರು ಎಕ್ಸ್ ಇರುವ ಹೆಣ್ಣುಮಕ್ಕಳೂ, ಒಂದು ಎಕ್ಸ್ ಎರಡು ವೈ ಇರುವ ಗಂಡುಮಕ್ಕಳೂ ಸುಮಾರು ಸಾವಿರಕ್ಕೆ ಒಬ್ಬರಂತೆ ಇದ್ದಾರೆ. ಇವರಲ್ಲಿ ಬಹುಮಂದಿ ತಮ್ಮಲ್ಲಿ ಇಂತಹ ವ್ಯತ್ಯಾಸವಿದೆಯೆಂಬುದನ್ನೇ ಅರಿಯದೆ ಶಾಲೆ ಕಲಿತು, ಉದ್ಯೋಗ ಮಾಡಿ, ಆಯುಷ್ಯವನ್ನು ಕಳೆಯುತ್ತಾರೆ. ಕ್ಲೈನ್‌ಫೆಲ್ಟರ್ ಲಕ್ಷಣವುಳ್ಳವರಲ್ಲಿ ಜೀವಮಾನದಲ್ಲಿ ಪತ್ತೆಯಾಗುವವರು ಕಾಲುಭಾಗದಷ್ಟು ಎಂದು ಡೆನ್ಮಾರ್ಕಿನ ದಾಖಲೆಗಳಿಂದ ತಿಳಿದುಬಂದಿದೆ. ಉಳಿದ ಮುಕ್ಕಾಲು ಪಾಲಿನವರು ನಮ್ಮ ನಿಮ್ಮಂತೆಯೇ ಬಾಳಿ ಹೋದವರು. ಮಕ್ಕಳಾಗದ ಕೊರತೆಯೊಂದು ಅವರನ್ನು ಕಾಡಿರಬಹುದು.

ಈ ಜ್ಞಾನದ ಮೂಲ ಹುಳುಗಳಲ್ಲಿದೆ. 1891ರಲ್ಲಿ ಜರ್ಮನಿಯ ಹರ್ಮನ್ ಹೆನ್ಕಿಂಗ್ ಎಂಬುವರು ಒಂದು ಬಗೆಯ ಕೆಂಪು ತಿಗಣೆಯ ಬೀಜಕೋಶಗಳಲ್ಲಿ ಒಂದು ವಿಚಿತ್ರ ತುಣುಕನ್ನು ಕಂಡು, ಅದೇನೆಂದು ತಿಳಿಯದೆ ಎಕ್ಸ್ ಎಂಬ ಗುರುತನ್ನು ಇಟ್ಟರು. 1905ರಲ್ಲಿ ಅಮೇರಿಕೆಯ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿಯು ಹಿಟ್ಟಿನಲ್ಲಿ ಬೀಳುವ ಹುಳುವನ್ನು ಪರೀಕ್ಷಿಸಿ, ಗಂಡುಹುಳುವಿನ ಒಂದು ತಂತು ಗಿಡ್ಡದೆಂದೂ, ಸಂತತಿಯ ಲಿಂಗವು ಅದರಿಂದಲೇ ನಿರ್ಧಾರವಾಗುವುದೆಂದೂ ತೋರಿಸಿದರು. ಎಡ್ಮಂಡ್ ವಿಲ್ಸನ್ ಎಂಬುವರೂ ಅದೇ ಹೊತ್ತಿಗೆ ಬೇರೆಯಾಗಿ ಅದೇ ನಿರ್ಣಯಕ್ಕೆ ಬಂದರು. ನಮ್ಮ ತಾಯಂದಿರು ಜೀವದಯೆಯಿಂದ ಜರಡಿ ಹಿಡಿದು ಪಕ್ಕಕ್ಕೆ ಬಿಡುತ್ತಿದ್ದ ಹಿಟ್ಟಿನ ಹುಳು ಅಲ್ಲಿ ಪ್ರಯೋಗಕ್ಕೆ ಬಲಿಯಾಯಿತು. ವಿಜ್ಞಾನದ ಚರಿತ್ರೆಯನ್ನು ಓದುವ ಜೈನನಿಗೆ ಇಂತಹ ಕಸಿವಿಸಿ ಹೆಜ್ಜೆಹೆಜ್ಜೆಗೂ ಉಂಟು. ಅದನ್ನು ಮರೆಮಾಚುವ ಅಗತ್ಯವಿಲ್ಲ.

1949ರಲ್ಲಿ ಕೆನಡಾ ದೇಶದ ಮರ್ರೇ ಬಾರ್ ಮತ್ತು ಅವರ ಶಿಷ್ಯ ಬರ್ಟ್ರಾಂ ಅವರು ಬೆಕ್ಕಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಹೆಣ್ಣುಬೆಕ್ಕಿನ ಕೋಶಗಳಲ್ಲಿ ಒಂದು ಕಪ್ಪು ಚುಕ್ಕೆ ಇರುವುದನ್ನೂ, ಗಂಡುಬೆಕ್ಕಿನಲ್ಲಿ ಅದು ಇಲ್ಲದಿರುವುದನ್ನೂ ಗಮನಿಸಿದರು. ಮನುಷ್ಯರಲ್ಲಿಯೂ ಹಾಗೆಯೇ ಎಂದು ಬೇಗನೆ ತಿಳಿಯಿತು. ಗರ್ಭದ ಸುತ್ತಲಿನ ನೀರಿನಲ್ಲಿ ಶಿಶುವಿನ ಮೈಯಿಂದ ಕಳಚಿದ ಕೋಶಗಳು ತೇಲುತ್ತಿರುತ್ತವೆ. ಆ ಗರ್ಭಜಲವನ್ನು ಸೂಜಿಯಿಂದ ತೆಗೆದು ಚುಕ್ಕೆಯನ್ನು ಹುಡುಕಿದರೆ ಹೆಣ್ಣೋ ಗಂಡೋ ತಿಳಿಯುವುದೆಂದು 1955-56ರಲ್ಲಿ ಕೋಪನ್‌ಹೇಗನ್, ಜೆರೂಸಲೇಂ ಮತ್ತು ಅಮೇರಿಕೆಯ ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡರು. ಕೋಪನ್‌ಹೇಗನ್ನಿನ ಫುಕ್ಸ್ ಮತ್ತು ರಿಯಿಸ್ ಎಂಬ ವೈದ್ಯರು 1960ರಲ್ಲಿ ಇದನ್ನು ಕುಸುಮರೋಗವಿರುವ ಮನೆತನಗಳಲ್ಲಿ ಬಳಸಿದುದನ್ನು ಪ್ರಕಟಿಸಿದರು. ರಕ್ತ ಹೆಪ್ಪುಗಟ್ಟದ ಆ ರೋಗವು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುವುದರಿಂದ, ಅಲ್ಲಿ ಹುಡುಕಿ ತೆಗೆಯುತ್ತಿದ್ದುದು ಗಂಡುಪಿಂಡವನ್ನು.

ಇಲ್ಲಿ ವಾಚಕರು ಕಾಲಕ್ರಮವನ್ನು ಗಮನಿಸಬೇಕು. ಮನುಷ್ಯನಿಗೆ 48 ವರ್ಣತಂತುಗಳೆಂದೇ ಎಲ್ಲರೂ ನಂಬಿದ್ದ ಕಾಲವದು. ಜಾವಾದಲ್ಲಿ ಹುಟ್ಟಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಜೋ ಹಿನ್ ಚಿಯೋ ಅವರು 1955ರ ಡಿಸೆಂಬರ್ ತಿಂಗಳಲ್ಲಿ ಎಣಿಸಿ ನೋಡಿ, 46 ಎಂದು ಆಲ್ಬರ್ಟ್ ಲೆವಾನ್ ಅವರೊಡನೆ 1956ರಲ್ಲಿ ಪ್ರಕಟಿಸಿದರು. ಎಣಿಕೆ ಸರಿಯಾದ ಮೇಲಷ್ಟೇ ಕೊರತೆ, ಹೆಚ್ಚಳಗಳು ಕಾಣತೊಡಗಿದವು. ಹೆನ್ರಿ ಟರ್ನರ್ 1938ರಲ್ಲಿಯೂ, ಹ್ಯಾರಿ ಕ್ಲೈನ್‌ಫೆಲ್ಟರ್ 1942ರಲ್ಲಿಯೂ ರೋಗಿಗಳ ಮೈಲಕ್ಷಣಗಳನ್ನು ವರ್ಣಿಸಿದ್ದರಾದರೂ ಕಾರಣ ತಿಳಿದಿರಲಿಲ್ಲ. 1959ರ ಒಂದೇ ವರ್ಷದಲ್ಲಿ ಎಡಿನ್‌ಬರೋದ ಪೆಟ್ರೀಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ಹೆಚ್ಚಿನ ಎಕ್ಸ್ ತಂತುವನ್ನೂ, ಚಾರ್ಲ್ಸ್ ಫೋರ್ಡ್ ಮತ್ತು ಸಂಗಡಿಗರು ಟರ್ನರ್ ಲಕ್ಷಣದಲ್ಲಿ ಒಂದೇ ಎಕ್ಸ್ ಇರುವುದನ್ನೂ ತೋರಿಸಿಕೊಟ್ಟರು. ಗರ್ಭಜಲದ ಕೋಶಗಳನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದೆಂದು ಸ್ಟೀಲ್ ಮತ್ತು ಬ್ರೆಗ್ ಎಂಬುವರು ತೋರಿಸಿದ್ದು 1966ರಲ್ಲಿ. ಎಂದರೆ ಗರ್ಭದಲ್ಲಿ ಲಿಂಗ ಕಂಡದ್ದು ಮೊದಲು. ರೋಗ ಕಂಡದ್ದು ಹತ್ತು ವರ್ಷಗಳ ಅನಂತರ. ರೋಗಪತ್ತೆಗೆಂದು ಹುಟ್ಟಿದ ವಿದ್ಯೆಯನ್ನು ನಮ್ಮ ದೇಶದವರು ಲಿಂಗಪತ್ತೆಗೆ ತಿರುಗಿಸಿದರೆಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಅರ್ಧಸತ್ಯ. ಈ ವಿದ್ಯೆಯ ಮೊದಲ ಫಲವೇ ಲಿಂಗಪತ್ತೆಯಾಗಿದ್ದಿತು.

ಹೆಸರಿಟ್ಟು ಹೆದರಿಸುವ ಕೆಡುಕೂ ಅಲ್ಲಿಂದಲೇ ಬಂದಿತು. 1965ರಲ್ಲಿ ಸ್ಕಾಟ್ಲೆಂಡಿನ ಕಾರ್ಸ್ಟೇರ್ಸ್ ಎಂಬ ಭದ್ರತಾ ಆಸ್ಪತ್ರೆಯ ನಿವಾಸಿಗಳಲ್ಲಿ ಎರಡು ವೈ ತಂತುಗಳಿರುವವರು ನಿರೀಕ್ಷೆಗಿಂತ ಹೆಚ್ಚು ಮಂದಿ ಕಂಡರು. ಪತ್ರಿಕೆಗಳು ಅದನ್ನು ‘ಅಪರಾಧದ ತಂತು’ ಎಂದು ಸಾರಿದವು. 1968ರಲ್ಲಿ ಶಿಕಾಗೋ ನಗರದ ಒಬ್ಬ ಕೊಲೆಗಾರನಲ್ಲಿಯೂ ಅದು ಇದೆಯೆಂಬ ಸುದ್ದಿ ಹಬ್ಬಿತು. ಪರೀಕ್ಷೆಯಲ್ಲಿ ಅವನ ವರ್ಣತಂತುಗಳು ಸಾಮಾನ್ಯವಾಗಿದ್ದವು. 1976ರಲ್ಲಿ ಡೆನ್ಮಾರ್ಕಿನ ದೊಡ್ಡ ಸಮೀಕ್ಷೆಯೊಂದು ಇಂತಹ ಪುರುಷರು ಹೆಚ್ಚು ಹಿಂಸಾಪರರೆಂಬುದಕ್ಕೆ ಆಧಾರವಿಲ್ಲವೆಂದು ತಿಳಿಸಿತು. ಬಾಸ್ಟನ್ನಿನಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿ ಇಂತಹವರನ್ನು ಗುರುತಿಸಿಡುತ್ತಿದ್ದ ಯೋಜನೆಯು ಅದಾಗಲೇ 1975ರಲ್ಲಿ ಟೀಕೆಗೆ ಗುರಿಯಾಗಿ ನಿಂತಿದ್ದಿತು. ಆದರೆ ಹೆಸರು ಒಮ್ಮೆ ಅಂಟಿದರೆ ಬೇಗ ಬಿಡುವುದಿಲ್ಲ. ಕ್ರೋಧ ಮಾನ ಮಾಯಾ ಲೋಭಗಳು ಮೋಹನೀಯ ಕರ್ಮದ ಉದಯದಿಂದ, ಶರೀರದ ರಚನೆ ನಾಮಕರ್ಮದಿಂದ ಎಂದು ಪಾಠಶಾಲೆಯ ಮಕ್ಕಳೂ ಬಲ್ಲರು. ದೇಹದ ಒಂದು ತಂತುವನ್ನು ನೋಡಿ ಜೀವದ ನಡತೆಯನ್ನು ಓದಿಬಿಡುವ ಆತುರವು ಆ ಭೇದವನ್ನು ಮರೆತಾಗ ಬರುತ್ತದೆ.

ಭಾರತಕ್ಕೆ ಗರ್ಭಜಲ ಪರೀಕ್ಷೆಯು 1970ರ ದಶಕದ ನಡುವೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೂಲಕ ಬಂದಿತು. ಉದ್ದೇಶ ಆನುವಂಶಿಕ ದೋಷಗಳ ಪತ್ತೆ. ಆದರೆ ಬಂದ ಕುಟುಂಬಗಳಿಗೆ ಬೇಕಾಗಿದ್ದುದು ಹೆಣ್ಣೋ ಗಂಡೋ ಎಂಬ ಉತ್ತರ. ಆ ದಶಕ ಮುಗಿಯುವುದರೊಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಲಿಂಗಪತ್ತೆಗಾಗಿ ಈ ಪರೀಕ್ಷೆಯನ್ನು ನಿಷೇಧಿಸಲಾಯಿತು. ಅಲ್ಲಿ ಬಾಗಿಲು ಮುಚ್ಚಿದೊಡನೆ ಖಾಸಗಿಯವರ ಅಂಗಡಿಗಳು ತೆರೆದವು. 1980ರ ದಶಕದ ಮೊದಲಲ್ಲಿ ಅಮೃತಸರದ ಒಂದು ಖಾಸಗಿ ದವಾಖಾನೆಯ ಜಾಹೀರಾತು ದೇಶದಲ್ಲೆಲ್ಲ ಗದ್ದಲವೆಬ್ಬಿಸಿತು. ಈಗ 500 ರೂಪಾಯಿ ಖರ್ಚು ಮಾಡಿದರೆ ಮುಂದೆ ವರದಕ್ಷಿಣೆಯ 50,000 ರೂಪಾಯಿ ಉಳಿಯುವುದೆಂಬ ಅರ್ಥದ ಫಲಕಗಳು ಆ ವರ್ಷಗಳಲ್ಲಿ ಕುಖ್ಯಾತವಾದವು. ವ್ಯಾಪಾರಿಯಾದವನಿಗೆ ಆ ವಾಕ್ಯದ ಭಾಷೆಯು ಚೆನ್ನಾಗಿ ತಿಳಿಯುತ್ತದೆ. ಒಂದು ಕಡೆ ಜಮಾ, ಒಂದು ಕಡೆ ಖರ್ಚು; ನಡುವೆ ಪಂಚೇಂದ್ರಿಯ ಜೀವವೊಂದು ಸರಕಿನಂತೆ ಕುಳಿತಿದೆ. ನಮ್ಮ ಪೇಟೆಯ ಭಾಷೆಯನ್ನೇ ಬಳಸಿ ಅದನ್ನು ಬರೆದಿದ್ದರೆಂಬುದು ನಮಗೆ ನಾಚಿಕೆಯ ಸಂಗತಿ.

ಮುಂಬಯಿಯ ಮಹಿಳಾ ಸಂಘಟನೆಗಳ, ವೈದ್ಯರ ಹೋರಾಟದ ಫಲವಾಗಿ 1988ರಲ್ಲಿ ಮಹಾರಾಷ್ಟ್ರವು ದೇಶದಲ್ಲಿ ಮೊಟ್ಟಮೊದಲು ಈ ಪರೀಕ್ಷೆಗಳನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. ಅದು ಆ ರಾಜ್ಯದ ಗಡಿಯೊಳಗೆ ಮಾತ್ರ. ಔರಾದದಿಂದ ಉದಗೀರ, ದೇಗಲೂರುಗಳಿಗೆ ನಿತ್ಯ ಹೋಗಿಬರುವವರಿಗೆ ಗಡಿ ಎಂಬುದು ಎಷ್ಟು ತೆಳುವಾದ ಗೆರೆಯೆಂದು ವಿವರಿಸಬೇಕಾಗಿಲ್ಲ. ಕೇಂದ್ರದ ಕಾಯಿದೆಯು 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ಹೆಸರಿಗೆ ಮಾತ್ರ ಉಳಿಯಿತೆಂದು ಪುಣೆ ಮುಂಬಯಿಗಳ ಎರಡು ಸಂಸ್ಥೆಗಳೂ ಡಾ. ಸಾಬು ಜಾರ್ಜ್ ಅವರೂ ಸುಪ್ರೀಂ ಕೋರ್ಟಿಗೆ ಹೋದುದರಿಂದ 2001ರಲ್ಲಿ ಕಟ್ಟುನಿಟ್ಟಿನ ಆದೇಶಗಳು ಹೊರಟವು. 2003ರ ಫೆಬ್ರುವರಿಯಿಂದ ತಿದ್ದುಪಡಿಯಾದ ಕಾಯಿದೆಯು ಗರ್ಭಧಾರಣೆಗೆ ಮುನ್ನ ಲಿಂಗವನ್ನು ಆರಿಸುವುದನ್ನೂ ಸೇರಿಸಿಕೊಂಡಿತು.

ಇದೇ ಅವಧಿಯ ಜನಗಣತಿಯು ನಮ್ಮ ಸಮಾಜದ ಬಗ್ಗೆ ಹೇಳಿದ್ದನ್ನು ಈ ಪುಟಗಳಲ್ಲಿ ಬರೆಯದೆ ಬಿಡಲಾಗದು. ಧರ್ಮವಾರು ಮಕ್ಕಳ ಲೆಕ್ಕ ಮೊದಲ ಬಾರಿಗೆ 2001ರ ಗಣತಿಯಿಂದ ವಿವರವಾಗಿ ಪ್ರಕಟವಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದ ಸರಾಸರಿ 927 ಹೆಣ್ಣುಮಕ್ಕಳು, ಜೈನರಲ್ಲಿ 870. ನಮಗಿಂತ ಕೆಳಗಿದ್ದವರು ಸಿಖ್ಖರು ಮಾತ್ರ, 786. ಅದೇ ಗಣತಿಯಲ್ಲಿ ಸಾಕ್ಷರತೆಯಲ್ಲಿ ನಾವು ಶೇಕಡಾ 94.1ರಷ್ಟು, ಎಲ್ಲರಿಗಿಂತ ಮುಂದೆ. ಸ್ತ್ರೀಯರ ಸಾಕ್ಷರತೆಯಲ್ಲಿಯೂ ಮುಂದೆ. 2011ರಲ್ಲಿ ಆ 870 ಎಂಬುದು 889 ಆಯಿತು. ನಿಸರ್ಗದಲ್ಲಿ ಸಾವಿರ ಗಂಡುಶಿಶುಗಳಿಗೆ ಸುಮಾರು 950 ಹೆಣ್ಣುಶಿಶುಗಳು ಹುಟ್ಟುತ್ತವೆ. ಕೂಡಿಸಿ ಕಳೆದರೆ 2001ರ ತಾಳೆಪಟ್ಟಿಯಲ್ಲಿ ಸಾವಿರಕ್ಕೆ 80 ಬಾಲಿಕೆಯರ ಕೊರತೆ. ಇದು ಇಡೀ ದೇಶದ ಜೈನರ ಲೆಕ್ಕವೇ ಹೊರತು ಬೀದರ ಜಿಲ್ಲೆಯ ನಮ್ಮ ಕೆಲವೇ ಮನೆಗಳದ್ದಲ್ಲವೆಂದು ಕೆಲವರು ಹೇಳುವರು. ಸರಿ, ಆದರೆ ನಮ್ಮ ಬೀಗತನಗಳು ಸೊಲ್ಲಾಪುರ, ಲಾತೂರು, ಹೈದರಾಬಾದು, ಬೆಳಗಾವಿಗಳವರೆಗೆ ಹಬ್ಬಿರುವಾಗ ಲೆಕ್ಕವನ್ನು ಮನೆಯ ಹೊಸ್ತಿಲಲ್ಲಿ ನಿಲ್ಲಿಸಲಾಗದು. 2001ರಲ್ಲಿ ಆರು ವರ್ಷದೊಳಗೆ ಇದ್ದವರೇ ಇಂದು ವಿವಾಹಯೋಗ್ಯ ವಯಸ್ಸಿನವರು. ವಧೂವರರ ಪರಿಚಯ ಸಮ್ಮೇಳನಗಳನ್ನು ನಡೆಸುವ ಮಂಡಳಿಗಳು ಕನ್ಯೆಯರು ದೊರೆಯುತ್ತಿಲ್ಲವೆಂದು ಚಿಂತಿಸುವಾಗ ಆ ಎಂಭತ್ತನ್ನು ನೆನೆಯಬೇಕು. ಆದಿದೇವನು ತನ್ನ ಇಬ್ಬರು ಪುತ್ರಿಯರಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನೆಂದು ನಮ್ಮ ಪುರಾಣ ಪರಂಪರೆ. ಅಂಕವಿದ್ಯೆಯನ್ನು ಮೊದಲು ಕಲಿತವಳು ಮಗಳು. ಅವಳ ಕುಲದಲ್ಲಿಯೇ ಅಂಕಗಳು ಹೀಗಾದವು.

ನೆರೆಯಲ್ಲಿ ಏನು ನಡೆಯಿತೆಂಬುದನ್ನೂ ನೋಡೋಣ. ಬೀದರ, ಭಾಲ್ಕಿ, ಕಮಲನಗರ, ಉದಗೀರಗಳ ಮೂಲಕ ಹಾಯುವ ನಮ್ಮ ರೈಲುಹಾದಿಯು ಪರಳಿ ವೈಜನಾಥದಲ್ಲಿ ಮುಗಿಯುತ್ತದೆ. ಪರಳಿ ಇರುವ ಬೀಡ ಜಿಲ್ಲೆಯಲ್ಲಿ 2001ರಲ್ಲಿ 894 ಇದ್ದ ಬಾಲಿಕೆಯರ ಪ್ರಮಾಣವು 2011ರಲ್ಲಿ 807ಕ್ಕೆ ಇಳಿಯಿತು. 2012ರಲ್ಲಿ ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ಗರ್ಭಪಾತದ ವೇಳೆ ಮಹಿಳೆಯೊಬ್ಬರು ತೀರಿಕೊಂಡ ಮೇಲೆ ಸಂಗತಿಯು ಬಯಲಾಗಿ, 2019ರಲ್ಲಿ ವೈದ್ಯ ದಂಪತಿಗಳಿಗೂ ಮೃತಳ ಪತಿಗೂ ನ್ಯಾಯಾಲಯವು ತಲಾ 10 ವರ್ಷಗಳ ಶಿಕ್ಷೆ ವಿಧಿಸಿತು. ಇದು ಮಹಾರಾಷ್ಟ್ರದ ರೋಗವೆಂದು ಹೇಳಿ ಸುಮ್ಮನಾಗುವಂತಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರವನ್ನು ಇಟ್ಟು ಲಿಂಗ ನೋಡುತ್ತಿದ್ದುದು ಕಂಡುಬಂದಿತು. ಕೆಲವೇ ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳಾಗಿರಬಹುದೆಂದು ಪೊಲೀಸರು ಹೇಳಿದರು. ಬೆಲ್ಲ ಕಾಯಿಸುವ ಜಾಗ ಅದು.

ಈಗ ಹೊಸ ರಕ್ತಪರೀಕ್ಷೆಯ ಮಾತು. ಗರ್ಭಿಣಿಯ ರಕ್ತದಲ್ಲಿ ಶಿಶುವಿಗೆ ಸಂಬಂಧಿಸಿದ ಡಿಎನ್‌ಎ ತುಣುಕುಗಳು ತೇಲುತ್ತಿರುವುದನ್ನು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ಪ್ರಕಟಿಸಿದರು. ಅವರು ಅದನ್ನು ಕಂಡುಹಿಡಿದ ಬಗೆ ಯಾವುದು? ಗಂಡುಶಿಶುವನ್ನು ಹೊತ್ತ ತಾಯಂದಿರ ರಕ್ತದಲ್ಲಿ, ತಾಯಿಯಲ್ಲಿ ಇರಲಾರದ ವೈ ತಂತುವಿನ ತುಣುಕು ಸಿಕ್ಕಿದುದರಿಂದ. ಮತ್ತೊಮ್ಮೆ ಲಿಂಗವೇ ಮೊದಲು ಕಂಡಿತು. 2011ರಿಂದ ಈ ವಿಧಾನವು ಡೌನ್ ಲಕ್ಷಣ ಮೊದಲಾದವುಗಳಿಗೆ ಪೇಟೆಗೆ ಬಂದಿತು, ಅನಂತರ ಲಿಂಗವರ್ಣತಂತುಗಳಿಗೂ ಚಾಚಿತು. ಗರ್ಭಜಲಕ್ಕೆ ಸೂಜಿ ಹಾಕಿದಾಗ ಗರ್ಭಪಾತದ ಅಪಾಯ ಅಲ್ಪಪ್ರಮಾಣದಲ್ಲಾದರೂ ಇರುತ್ತದೆ. ಇಲ್ಲಿ ಅದು ಇಲ್ಲ. ಆದರೆ ಒಂದು ಮುಖ್ಯ ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಇದು ಸೋಸುವ ಪರೀಕ್ಷೆಯೇ ಹೊರತು ನಿರ್ಣಯದ ಪರೀಕ್ಷೆಯಲ್ಲ. ರಕ್ತದಲ್ಲಿ ಸಿಗುವ ತುಣುಕುಗಳು ನಿಜವಾಗಿ ಮಾಸುವಿನಿಂದ ಬಂದವು. ಮಾಸುವಿನ ಕೋಶಗಳೂ ಶಿಶುವಿನ ಕೋಶಗಳೂ ಯಾವಾಗಲೂ ಒಂದೇ ರೀತಿ ಇರುವುದಿಲ್ಲ. ವಯಸ್ಸಾದಂತೆ ತಾಯಿಯ ಕೆಲವು ರಕ್ತಕೋಶಗಳೇ ಒಂದು ಎಕ್ಸ್ ತಂತುವನ್ನು ಕಳೆದುಕೊಳ್ಳುವುದೂ ಉಂಟು. ಈ ಕಾರಣಗಳಿಂದ, ಟರ್ನರ್ ಇರಬಹುದೆಂದು ರಕ್ತಪರೀಕ್ಷೆ ಎಚ್ಚರಿಸಿದ ಪ್ರಕರಣಗಳಲ್ಲಿ ಮುಂದೆ ಗರ್ಭಜಲ ನೋಡಿದಾಗ ನಿಜವಾಗುವುದು ಅನೇಕ ಸಲ ಅರ್ಧಕ್ಕಿಂತಲೂ ಕಡಿಮೆ. ಈ ಒಂದು ಕಾಗದವನ್ನೇ ನಂಬಿ ಮುಂದಿನ ಹೆಜ್ಜೆ ಇಡುವುದು ಹುಂಡಿಯ ಸಹಿಯನ್ನು ನೋಡದೆ ಹಣ ಕೊಟ್ಟಂತೆ.

ಕಾಯಿದೆಯ ದೃಷ್ಟಿಯಲ್ಲಿ ವರ್ಣತಂತುಗಳ ದೋಷವನ್ನು ಹುಡುಕುವುದು ಅನುಮತವಾದದ್ದೇ. ತಾಯಿಗೆ 35 ವರ್ಷ ಮೀರಿದ್ದರೆ, ಎರಡು ಅಥವಾ ಹೆಚ್ಚು ಸಲ ಗರ್ಭ ತಾನಾಗಿ ಇಳಿದುಹೋಗಿದ್ದರೆ, ಮನೆತನದಲ್ಲಿ ಇಂತಹ ದೋಷವಿದ್ದರೆ, ಹಾನಿಕಾರಕ ಔಷಧ ಅಥವಾ ವಿಕಿರಣಕ್ಕೆ ಒಡ್ಡಿಕೊಂಡಿದ್ದರೆ ಪರೀಕ್ಷೆ ಮಾಡಬಹುದು. ತಾಯಿಯ ಲಿಖಿತ ಒಪ್ಪಿಗೆ ಬೇಕು. ಆದರೆ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಯಾವ ರೀತಿಯಿಂದಾಗಲಿ ಯಾರಿಗೂ ತಿಳಿಸಕೂಡದು. ಎಲ್ಲವೂ ಸರಿಯಿರುವಾಗ ಇದು ಸುಲಭ. ವರದಿಯಲ್ಲಿ ಆ ಒಂದು ಜೊತೆಯ ವಿವರವನ್ನು ಮರೆಮಾಡಿದರಾಯಿತು. ವ್ಯತ್ಯಾಸವು ಆ ಜೊತೆಯಲ್ಲಿಯೇ ಇದ್ದಾಗ ಗಂಟು ಬೀಳುತ್ತದೆ. ಟರ್ನರ್ ಎಂದರೆ ಹೆಣ್ಣು, ಕ್ಲೈನ್‌ಫೆಲ್ಟರ್ ಎಂದರೆ ಗಂಡು; ರೋಗದ ಹೆಸರೇ ಲಿಂಗದ ಹೆಸರು. ಒಂದು ಕೈಯಿಂದ ಕೊಟ್ಟ ಅನುಮತಿಯನ್ನು ಕಾಯಿದೆ ಇನ್ನೊಂದು ಕೈಯಿಂದ ಹಿಡಿದಂತಿದೆ. ಇದಕ್ಕಾಗಿ ಕಾಯಿದೆಯನ್ನು ದೂರುವವರಿದ್ದಾರೆ, ನಾನು ದೂರಲಾರೆ. ಆ ಪರದೆಯನ್ನು ನೇಯುವಂತೆ ಮಾಡಿದವರು ನಾವು, ಆ 870ರವರು. ನಿಜವಾಗಿ ಪರೀಕ್ಷೆ ಬೇಕಾದ ತಾಯಂದಿರು ಇಂದು ಅದರ ಕಷ್ಟವನ್ನು ಅನುಭವಿಸುತ್ತಿದ್ದಾರೆ.

ವ್ಯತ್ಯಾಸವಿರುವುದು ಖಚಿತವಾದರೆ ಮುಂದೇನು? 2021ರ ತಿದ್ದುಪಡಿಯಂತೆ ಶಿಶುವಿನಲ್ಲಿ ಗಣನೀಯ ದೋಷವಿದೆಯೆಂದು ವೈದ್ಯಮಂಡಳಿ ನಿರ್ಣಯಿಸಿದರೆ 24 ವಾರಗಳ ಅನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ಮೂರು ಎಕ್ಸ್, ಎರಡು ವೈ, ಹೆಚ್ಚಿನ ಎಕ್ಸ್ ತಂತು ಇವು ‘ಗಣನೀಯ’ ಎಂಬ ಮಾತಿಗೆ ಒಳಪಡುವವೆಂದು ನನ್ನ ಬುದ್ಧಿಗೆ ತೋರುವುದಿಲ್ಲ. ಟರ್ನರ್ ಲಕ್ಷಣದ ವಿಷಯ ಇನ್ನಷ್ಟು ಸೂಕ್ಷ್ಮ. ಅಂತಹ ಪಿಂಡಗಳಲ್ಲಿ ಬಹುಪಾಲು ತಾನಾಗಿಯೇ ಇಳಿದುಹೋಗುತ್ತವೆ. ಉಳಿದು ಹುಟ್ಟುವ ಬಾಲಿಕೆಯರಲ್ಲಿ ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇರುತ್ತದೆ. ಎತ್ತರ ಕಡಿಮೆ, ಕೆಲವರಿಗೆ ಹೃದಯದ ಮಹಾಧಮನಿಯಲ್ಲಿ ತೊಂದರೆ, ಸಂತಾನಕ್ಕೆ ಅಡ್ಡಿ. ಸಂತಾನವಾಗದು ಎಂಬುದೊಂದನ್ನೇ ಹಿಡಿದು ಆ ಜೀವ ಹುಟ್ಟಬಾರದೆಂದು ಹೇಳುವುದಾದರೆ, ಬ್ರಹ್ಮಚರ್ಯವನ್ನು ಪೂಜಿಸುವ ಸಮಾಜವು ತನ್ನ ಆರ್ಯಿಕೆಯರ ಮುಂದೆ ನಿಂತು ಆ ಮಾತನ್ನು ಹೇಗೆ ಆಡೀತು?

ನಮ್ಮ ಆಚಾರ್ಯರು ಸ್ತ್ರೀ, ಪುರುಷ, ನಪುಂಸಕ ಎಂಬ ಮೂರು ವೇದಗಳನ್ನು ಹೇಳಿ, ಶರೀರದ ದ್ರವ್ಯವೇದ ಬೇರೆ, ಮನೋಭಾವದ ಭಾವವೇದ ಬೇರೆ ಎಂದು ವಿಂಗಡಿಸಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಇವೆರಡೂ ಸಾಮಾನ್ಯವಾಗಿ ಸಮವಾಗಿದ್ದು ಎಲ್ಲೋ ಒಮ್ಮೊಮ್ಮೆ ವಿಷಮವಾಗುವುವೆಂಬ ಅಭಿಪ್ರಾಯವಿದೆ. 1359ರಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನು. ಇದನ್ನು ಹೇಳಿದೊಡನೆ, ವರ್ಣತಂತುಗಳೆಲ್ಲ ನಮ್ಮ ಶಾಸ್ತ್ರದಲ್ಲಿ ಮೊದಲೇ ಇದ್ದವೆಂದು ಸಾರುವ ಉತ್ಸಾಹಿಗಳು ಹೊರಡುವರು. ಅದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ದೇಹದ ಲಿಂಗರಚನೆಯಲ್ಲಿ ವೈವಿಧ್ಯವಿರಬಹುದು, ಅದರಿಂದ ಜೀವದ ಮನುಷ್ಯತ್ವಕ್ಕೆ ಕುಂದಿಲ್ಲ ಎಂಬಷ್ಟನ್ನು ಮಾತ್ರ ಅವರಿಂದ ನಾವು ತೆಗೆದುಕೊಳ್ಳಬಹುದು.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿ ತಪ್ಪವು. ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ತಾಯಿಯ ಪ್ರಾಣಕ್ಕೇ ಸಂಕಟ ಬಂದಾಗಿನ ಪ್ರಶ್ನೆ ಬೇರೆ. ಲಿಂಗವನ್ನು ನೋಡಿ, ದಿನ ಗೊತ್ತುಮಾಡಿ, ಹಣ ಎಣಿಸಿ ಮಾಡಿಸುವುದು ಸಂಕಲ್ಪವಲ್ಲದೆ ಮತ್ತೇನು? ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮೋದಿತ ಎಂಬ ಮೂರು, ನಾಲ್ಕು ಕಷಾಯಗಳು, ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಹಿರಿಯರು ಹೇಳಿಕೊಡುತ್ತಿದ್ದ ಲೆಕ್ಕವಿದು. ಸೂಜಿ ಹಿಡಿದ ವೈದ್ಯನು ಕೃತ. ಕಾರನ್ನು ಗೊತ್ತುಮಾಡಿ ಕಳುಹಿಸಿದ ಮಾವನೂ, ಹಣ ಕೊಟ್ಟ ಪತಿಯೂ ಕಾರಿತ. ‘ಅವರವರ ಮನೆಯ ವಿಷಯ’ ಎಂದು ಮುಗುಳ್ನಕ್ಕ ಬಂಧುವು ಅನುಮೋದಿತ. ಆಶ್ಚರ್ಯವೆಂದರೆ ದೇಶದ ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. ಬೇರೆಯಾಗಿ ಸಾಬೀತಾಗದ ಹೊರತು ಗರ್ಭಿಣಿಯು ಪತಿ ಮತ್ತು ಬಂಧುಗಳ ಒತ್ತಾಯದಿಂದಲೇ ಪರೀಕ್ಷೆಗೆ ಒಳಗಾದಳೆಂದು ಅದು ಭಾವಿಸುತ್ತದೆ. ಲಿಂಗಪತ್ತೆ ಮಾಡಿಸಿದವರಿಗೆ ಮೊದಲ ಅಪರಾಧಕ್ಕೇ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳವರೆಗೆ ದಂಡವಿದೆ.

ಜೈನರಿಗೆ ವೈದ್ಯವಿದ್ಯೆಯೊಡನೆ ವಾದಿಸಿ ಅಭ್ಯಾಸವಿಲ್ಲದೆ ಇಲ್ಲ. ಇಲ್ಲಿಂದ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಔಷಧಕ್ಕಾಗಿ ಮಾಂಸ ಸೇವಿಸುವುದು ವ್ಯರ್ಥವೆಂದು ವಾದಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆಯನ್ನು ಹೇಳುವ ಅವರ ಕಲ್ಯಾಣಕಾರಕವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಅವರು ವೈದ್ಯವನ್ನು ತೊರೆಯಲಿಲ್ಲ. ಅದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಿದರು.

ವಿಶ್ವಸ್ಥ ಮಂಡಳಿಗಳಿಗೆ ಎರಡು ಮಾತು. ಮಂದಿರಗಳ ಆಶ್ರಯದಲ್ಲಿ ಆರೋಗ್ಯ ಶಿಬಿರ ನಡೆಸುವಾಗ ಯಾರಾದರೂ ದಾನಿಗಳು ಸೋನೋಗ್ರಫಿ ಯಂತ್ರವನ್ನು ತರಿಸುವೆನೆಂದರೆ ಉತ್ಸಾಹದಿಂದ ಒಪ್ಪಬಾರದು. ನೋಂದಣಿಯಾಗದ ಸ್ಥಳಕ್ಕೆ ಅಂತಹ ಯಂತ್ರವನ್ನು ಒಯ್ಯುವುದೇ ಅಪರಾಧ. ಮೊದಲು ಜಿಲ್ಲೆಯ ಸಕ್ಷಮ ಪ್ರಾಧಿಕಾರವನ್ನು ಕೇಳಬೇಕು. ಇನ್ನೊಂದು, ವರದಿ ಹಿಡಿದು ಗಾಬರಿಯಿಂದ ಬಂದ ಕುಟುಂಬಕ್ಕೆ ಪ್ರವಚನಕ್ಕಿಂತ ಮೊದಲು ಆನುವಂಶಿಕ ತಜ್ಞರ ಭೇಟಿ ಬೇಕು. ಹೈದರಾಬಾದಿನ ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ, ಬೆಂಗಳೂರಿನಲ್ಲಿ ಮಾನವ ಆನುವಂಶಿಕತಾ ಕೇಂದ್ರವಿದೆ, ಮಣಿಪಾಲದಲ್ಲಿಯೂ ಇದೆ. ಔರಾದದ ಸಣ್ಣ ಅಂಗಡಿಕಾರನಿಗೆ ಹೋಗಿಬರುವ ಖರ್ಚು ಭಾರವಾಗಬಹುದು. ಟರ್ನರ್ ಲಕ್ಷಣದ ಬಾಲಿಕೆಗೆ ಎಳವೆಯಲ್ಲಿಯೇ ಹೃದಯದ ತಪಾಸಣೆಯೂ, ಎತ್ತರಕ್ಕಾಗಿ ವರ್ಷಾನುಗಟ್ಟಲೆ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದೂ, ಹರೆಯದಲ್ಲಿ ಬೇರೆ ಔಷಧವೂ ಬೇಕಾಗುತ್ತವೆ, ಅವು ಅಗ್ಗದವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನದ ಹೆಸರಿನ ಖಾತೆಯು ನಮ್ಮ ಅನೇಕ ಮಂದಿರಗಳ ಪುಸ್ತಕಗಳಲ್ಲಿದೆ. ವರ್ಷದ ಕೊನೆಗೆ ಅದರಲ್ಲಿ ಶಿಲ್ಕು ಉಳಿಯುವುದೂ ಉಂಟು. ಇಂತಹ ಮಗುವಿನ ಚಿಕಿತ್ಸೆಗೂ ತಜ್ಞರ ಭೇಟಿಯ ಪ್ರಯಾಣಕ್ಕೂ ಆ ಖಾತೆಯಿಂದ ಹಣ ಕೊಡಬಹುದೆಂದು, ಕುಟುಂಬದ ಹೆಸರನ್ನು ನಡಾವಳಿಯಲ್ಲಿ ಬರೆಯದಂತೆ, ಮುಂದಿನ ವಾರ್ಷಿಕ ಸಭೆಯಲ್ಲಿ ಠರಾವು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.